ವಸತಿ ಕೇಂದ್ರದಲ್ಲಿರುವ ವಿಕಲಚೇತನರ ಹಲ್ಲುನೋವು: ದವಾಖಾನೆಗೆ ಹೋಗುವ ಮುಂಚೆ ಆಗಬೇಕಾದ ಕೆಲಸ

ಬೆಳಗಾವಿಯಲ್ಲಿ ಕೆಎಲ್‌ಇ ವಿಶ್ವನಾಥ ಕತ್ತಿ ದಂತ ಕಾಲೇಜು ಇದೆ, ಮರಾಠಾ ಮಂಡಳದ ಹಲಗೇಕರ ದಂತ ಕಾಲೇಜು ಇದೆ. ಬಾಗಲಕೋಟೆಯಲ್ಲಿ ಬಿವಿವಿ ಸಂಘದ ಪಿ.ಎಂ. ನಾಡಗೌಡ ದಂತ ಕಾಲೇಜು, ವಿಜಯಪುರದಲ್ಲಿ ಅಲ್ ಅಮೀನ್ ದಂತ ಕಾಲೇಜು. ಮೂರೂ ಜಿಲ್ಲೆಗಳಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ವೈದ್ಯಕೀಯ ಕಾಲೇಜು ಇದೆ. ಇಷ್ಟೆಲ್ಲ ಇದ್ದೂ, ವಸತಿ ಕೇಂದ್ರಗಳಲ್ಲಿ ಬೆಳೆದು ದೊಡ್ಡವರಾದ ವಿಕಲಚೇತನರ ಬಾಯಿ ತೆರೆಸಿ ನೋಡಿದರೆ ಹುಳುಕು ಹಿಡಿದು ಬೇರು ಮಾತ್ರ ಉಳಿದ ದವಡೆ ಹಲ್ಲು, ಹಲ್ಲನ್ನೇ ಮುಚ್ಚಿಬಿಟ್ಟ ವಸಡು, ಕೀವು ಕಾಣುತ್ತವೆ. ಆಸ್ಪತ್ರೆ ದೂರ ಎಂಬ ಕಾರಣ ಸಿಂದಗಿ, ಹುನಗುಂದದಂಥ ಕಡೆ ಸ್ವಲ್ಪ ನಿಜ. ಆದರೆ ನಗರದೊಳಗೇ ಇರುವ ಕೇಂದ್ರದಲ್ಲೂ ಇದೇ ಸ್ಥಿತಿ ಇರುವುದರಿಂದ, ಅಡಚಣೆ ಇರುವುದು ಹೆಚ್ಚಾಗಿ ಕೇಂದ್ರದ ಬಾಗಿಲೊಳಗೇ ಎಂದು ನಮ್ಮ ಅಭಿಪ್ರಾಯ. ನೋವು ಗುರುತಿಸುವವರಿಲ್ಲ, ಕಾಗದ ಸಿದ್ಧವಿಲ್ಲ, ಸಹಿ ಯಾರು ಹಾಕಬೇಕೆಂದು ಗೊತ್ತಿಲ್ಲ. ಈ ಮೂರನ್ನೂ ಕೇಂದ್ರದವರೇ ಸರಿಪಡಿಸಬಹುದು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇವೆ.

ಮೊದಲು ನೋವಿನ ಮಾತು. ಮಾತು ಬಾರದವರು ಹಲ್ಲು ನೋಯುತ್ತಿದೆ ಎಂದು ಹೇಳುವುದಿಲ್ಲ, ಕೆನ್ನೆಗೆ ಹೊಡೆದುಕೊಳ್ಳುತ್ತಾರೆ. ಮೊನ್ನೆಯವರೆಗೆ ಕಡಕ್ ರೊಟ್ಟಿ ಕಡಿದು ತಿನ್ನುತ್ತಿದ್ದವರು ಸಾರಿನಲ್ಲಿ ನೆನೆಸಿದ್ದನ್ನೇ ಬೇಡುತ್ತಾರೆ. ಒಂದೇ ಬದಿಗೆ ಅಗಿಯುತ್ತಾರೆ, ತಣ್ಣೀರು ಬಾಯಿಗಿಟ್ಟು ತಟ್ಟನೆ ಲೋಟ ದೂಡುತ್ತಾರೆ, ರಾತ್ರಿ ನಿದ್ದೆ ಮಾಡುವುದಿಲ್ಲ, ಜೊಲ್ಲು ಹೆಚ್ಚಾಗುತ್ತದೆ, ಬೆರಳು ಬಾಯೊಳಗೇ ಇರುತ್ತದೆ. ಇದನ್ನು ನೋಡಿದವರು "ಅಂವಾ ಹಂಗ ಅದಾನ್ರಿ, ಅಮಾಸಿ ಬಂತಂದ್ರ ಸಿಟ್ಟು ಮಾಡ್ತಾನ" ಎಂದು ಸುಮ್ಮನಾಗುತ್ತಾರೆ. ಮುಂದಿನ ತಿಂಗಳು ಮನೋವೈದ್ಯರ ಬಳಿ ಹೋದಾಗ ಸಿಟ್ಟಿನ ಗುಳಿಗೆ ಹೆಚ್ಚಾಗುತ್ತದೆ. ಆ ಗುಳಿಗೆಯಿಂದ ಬಾಯಿ ಒಣಗುತ್ತದೆ, ಬಾಯಿ ಒಣಗಿದರೆ ಹುಳುಕು ಇನ್ನೂ ಬೇಗ ಹಬ್ಬುತ್ತದೆ. ಹಾಗಾಗಿ ನಿಯಮ ಒಂದೇ ಇರಲಿ: ವರ್ತನೆ ಏಕಾಏಕಿ ಬದಲಾದರೆ ಮನೋವೈದ್ಯರಿಗೆ ಫೋನ್ ಮಾಡುವ ಮುಂಚೆ ಬಾಯಿ, ಕಿವಿ, ಹೊಟ್ಟೆ, ಮೂತ್ರ, ಪಾದ ಈ ಐದನ್ನು ನೋಡಿ. ಟಾರ್ಚ್ ಹಾಕಿ ಬಾಯಿ, ಕಿವಿಯಲ್ಲಿ ಗುಗ್ಗೆ ಅಥವಾ ಸೋರಿಕೆ, ಕೊನೆಯ ಬಾರಿ ಮಲವಿಸರ್ಜನೆ ಯಾವಾಗ, ಮೂತ್ರ ಉರಿಯ ಲಕ್ಷಣ, ಚಪ್ಪಲಿ ಕಚ್ಚಿದ ಗಾಯ. ಐದು ನಿಮಿಷದ ಕೆಲಸ.

ಹೊಟ್ಟೆಯ ವಿಷಯ ಹೇಳಿದ್ದಕ್ಕೆ ಕಾರಣವಿದೆ. ಮಾನಸಿಕ ಕಾಯಿಲೆಯ ಹಲವು ಗುಳಿಗೆಗಳು ಮಲಬದ್ಧತೆ ತರುತ್ತವೆ, ಓಡಾಟವಿಲ್ಲದವರಲ್ಲಿ ಅದು ಕರುಳು ಕಟ್ಟುವ ಹಂತಕ್ಕೂ ಹೋಗುತ್ತದೆ, ಜೀವಕ್ಕೇ ಕುತ್ತು. ಮೂರು ದಿನ ಮಲವಿಸರ್ಜನೆ ಆಗಿಲ್ಲವೆಂದರೆ ವೈದ್ಯರಿಗೆ ತಿಳಿಸಿ. ಹೊಟ್ಟೆ ಉಬ್ಬಿ ವಾಂತಿ ಶುರುವಾದರೆ ಅದು ತುರ್ತು, ಕಾಯಬೇಡಿ. ಸ್ನಾನಗೃಹದ ಗೋಡೆಗೆ ಒಂದು ತಿಂಗಳ ಪಟ್ಟಿ ಅಂಟಿಸಿ, ಎದುರಿಗೆ ಪೆನ್ಸಿಲ್ ಕಟ್ಟಿಬಿಟ್ಟರೆ ರಾತ್ರಿ ಪಾಳಿಯವರೂ ಗುರುತು ಹಾಕುತ್ತಾರೆ. ತಿಂಗಳಿಗೊಮ್ಮೆ ಎಲ್ಲರ ತೂಕ ಬರೆದಿಡಿ. ಒಂದು ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಇಳಿದರೆ, ಅಂದರೆ 50 ಕಿಲೋ ಇದ್ದವರು ಎರಡೂವರೆ ಕಿಲೋ ಕಳೆದುಕೊಂಡರೆ, ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಎಷ್ಟೋ ಸಲ ಆ ಕಾರಣ ಬಾಯೊಳಗೇ ಸಿಗುತ್ತದೆ.

ಫಿಟ್ಸ್ ಗುಳಿಗೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಫೆನಿಟೋಯಿನ್, ನಮ್ಮಲ್ಲಿ ಎಪ್ಟಾಯಿನ್ ಎಂದೇ ಎಲ್ಲರಿಗೂ ಗೊತ್ತಿರುವುದು, ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ವಸಡು ಬೆಳೆಯುತ್ತದೆ. ಮುಂದಿನ ಹಲ್ಲುಗಳ ನಡುವೆ ಮೊದಲು ಸಣ್ಣ ಗಂಟಿನಂತೆ ಎದ್ದು, ಆಮೇಲೆ ಹಲ್ಲಿನ ಅರ್ಧ ಮುಚ್ಚುತ್ತದೆ. ಹಲ್ಲಿನ ಮೇಲೆ ಕೊಳೆ ಇದ್ದಷ್ಟೂ ಬೆಳವಣಿಗೆ ಜಾಸ್ತಿ. ವಸಡು ಕತ್ತರಿಸಿ ಸರಿಮಾಡಿಸಿದರೂ ಉಜ್ಜುವುದು ಸರಿಯಿಲ್ಲದಿದ್ದರೆ ಮತ್ತೆ ಬರುತ್ತದೆ. ಗುಳಿಗೆ ಬದಲಿಸಲಾಗುತ್ತದೆಯೇ ಎಂದು ನರರೋಗ ವೈದ್ಯರನ್ನು ಕೇಳಬಹುದು, ಆದರೆ ತಾವಾಗಿಯೇ ಒಂದು ದಿನವೂ ನಿಲ್ಲಿಸಬಾರದು. ತಟ್ಟನೆ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರುವ ಅಪಾಯವಿದೆ. ಫಿಟ್ಸ್‌ಗೆ ಕೊಡುವ ಇನ್ನೊಂದು ಔಷಧ ಸೋಡಿಯಂ ವಾಲ್‌ಪ್ರೊಯೇಟ್ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಕಡಿಮೆಯಾಗುತ್ತದೆ, ಹಲ್ಲು ಕೀಳಿಸಿದ ಮೇಲೆ ರಕ್ತ ಬೇಗ ನಿಲ್ಲದಿರಬಹುದು. ಕೀಳಿಸುವ ಮುಂಚೆ ರಕ್ತಪರೀಕ್ಷೆ ಮಾಡಿಸಿ, ರಿಪೋರ್ಟ್ ಕೈಯಲ್ಲಿಟ್ಟುಕೊಂಡೇ ಹೋಗಿ. ಸಕ್ಕರೆ ಹಾಕಿದ ಸಿರಪ್ ರಾತ್ರಿ ಮಲಗುವಾಗ ಕೊಡುವ ರೂಢಿಯಿದ್ದರೆ, ಗುಳಿಗೆಗೆ ಬದಲಿಸಲು ಕೇಳಿ. ಆಗುವುದಿಲ್ಲವೆಂದರೆ ಸಿರಪ್ ಮೊದಲು, ಹಲ್ಲುಜ್ಜುವುದು ಆಮೇಲೆ.

ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಅನೇಕ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಇದರಿಂದ ಎರಡು ತಪ್ಪು ತಿಳಿವಳಿಕೆ ಹುಟ್ಟಿವೆ. ಚಿಕ್ಕಂದಿನಿಂದ ಆ ನೀರು ಕುಡಿದವರ ಹಲ್ಲಿನ ಕಂದು ಕಲೆಯನ್ನು ಹುಳುಕು ಎಂದುಕೊಳ್ಳುವುದು ಒಂದು. ಉಗುರಿನಿಂದ ಮುಟ್ಟಿದರೆ ಈ ಕಲೆ ಗಟ್ಟಿಯಾಗಿ ನುಣುಪಾಗಿರುತ್ತದೆ, ಹುಳುಕು ಮೆತ್ತಗೆ, ಗುಳಿ ಬಿದ್ದಿರುತ್ತದೆ. "ನೀರಾಗ ಫ್ಲೋರೈಡ್ ಐತಿ, ಪೇಸ್ಟ್‌ನ್ಯಾಗ ಯಾಕ ಬೇಕು" ಎನ್ನುವುದು ಇನ್ನೊಂದು. ಕಲೆ ಬೀಳುವುದು ಹಲ್ಲು ಒಸಡಿನೊಳಗೆ ಬೆಳೆಯುವ ವಯಸ್ಸಿನಲ್ಲಿ. ವಯಸ್ಕರಿಗೆ ಫ್ಲೋರೈಡ್ ಪೇಸ್ಟ್‌ನಿಂದ ಹೊಸ ಕಲೆ ಬರುವುದಿಲ್ಲ, ಹುಳುಕು ತಡೆಯುವ ಲಾಭ ಮಾತ್ರ ಸಿಗುತ್ತದೆ. ಟ್ಯೂಬಿನ ಮೇಲೆ ಫ್ಲೋರೈಡ್ 1000 ಪಿಪಿಎಂ ಅಥವಾ ಸ್ವಲ್ಪ ಹೆಚ್ಚು ಇರುವುದನ್ನು ನೋಡಿ ಕೊಳ್ಳಿ. ಮಿಶ್ರಿ ಮಾತ್ರ ಕೇಂದ್ರದೊಳಗೆ ಬರಲೇಬಾರದು. ಅದು ಸುಟ್ಟ ತಂಬಾಕು. ಗಡಿಭಾಗದಲ್ಲಿ ಹಲ್ಲುಪುಡಿಯಂತೆ ಬಳಸುವುದರಿಂದ ಯಾರೂ ಅದನ್ನು ತಂಬಾಕು ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇನ್ನೊಬ್ಬ ದೊಡ್ಡವರ ಹಲ್ಲು ಉಜ್ಜುವುದು ಕಲಿಯಬೇಕಾದ ಕೆಲಸ. ಎದುರಿಗೆ ನಿಂತು ಬ್ರಷ್ ತೂರಿಸಿದರೆ ಯಾರಾದರೂ ಹಿಂದಕ್ಕೆ ಸರಿಯುತ್ತಾರೆ. ಕುರ್ಚಿಯಲ್ಲಿ ನೆಟ್ಟಗೆ ಕೂಡಿಸಿ, ನೀವು ಹಿಂದೆ ಅಥವಾ ಪಕ್ಕಕ್ಕೆ ನಿಂತು, ಅವರ ತಲೆ ನಿಮ್ಮ ಎದೆಗೆ ಒರಗುವಂತೆ ಮಾಡಿ, ಎಡಗೈಯಿಂದ ಗದ್ದ ಹಿಡಿಯಿರಿ. ಗದ್ದ ಮೇಲಕ್ಕೆತ್ತಬೇಡಿ, ಸ್ವಲ್ಪ ಕೆಳಗೇ ಇರಲಿ. ಮೇಲಕ್ಕೆತ್ತಿದರೆ ಉಗುಳು ಶ್ವಾಸನಾಳಕ್ಕೆ ಹೋಗುತ್ತದೆ. ಚಿಕ್ಕ ತಲೆಯ ಮೆತ್ತನೆ ಬ್ರಷ್ ಬೇಕು, ಮಕ್ಕಳದ್ದಾದರೂ ನಡೆಯುತ್ತದೆ. ಉಗುಳಲು ಬರುವವರಿಗೆ ಬಟಾಣಿ ಕಾಳಿನಷ್ಟು ಪೇಸ್ಟ್, ಉಗುಳಲು ಬಾರದವರಿಗೆ ಬ್ರಷ್‌ಗೆ ತೆಳ್ಳಗೆ ಸವರಿದಷ್ಟು. ತುಟಿಯನ್ನು ಬೆರಳಿನಿಂದ ಸರಿಸಿ, ಹಲ್ಲು ಮತ್ತು ವಸಡು ಕೂಡುವ ಗೆರೆಗೆ ಬ್ರಷ್ ಓರೆಯಾಗಿ ಹಿಡಿದು ಸಣ್ಣಗೆ ಅಲ್ಲಾಡಿಸುತ್ತ ಹೋಗಿ. ಎಲ್ಲರೂ ಮರೆಯುವ ಜಾಗ ಕೆಳದವಡೆಯ ಒಳಬದಿ. ಎರಡು ನಿಮಿಷ ಆಗದಿದ್ದರೆ ಬೆಳಿಗ್ಗೆ ಮೇಲಿನ ಸಾಲು, ರಾತ್ರಿ ಕೆಳಗಿನ ಸಾಲು ಎಂದಾದರೂ ಮಾಡಿ, ಬಿಟ್ಟುಬಿಡುವುದಕ್ಕಿಂತ ವಾಸಿ. ಕಚ್ಚುವ ಅಭ್ಯಾಸ ಇರುವವರ ಹಲ್ಲುಗಳ ನಡುವೆ ನಿಮ್ಮ ಬೆರಳು ಇಡಲೇಬೇಡಿ. ಇನ್ನೊಂದು ಬ್ರಷ್‌ನ ದಪ್ಪ ಹಿಡಿಕೆಗೆ ಗಾಜ್ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಸುತ್ತಿ ಒಂದು ಬದಿಗೆ ಕಚ್ಚಲು ಕೊಟ್ಟು, ಇನ್ನೊಂದು ಬದಿ ಉಜ್ಜಿ. ಮುಗಿದ ಮೇಲೆ ಒದ್ದೆ ಗಾಜ್‌ನಿಂದ ನೊರೆ ಒರೆಸಿ. ಕೈಗವಸು ಪ್ರತಿಯೊಬ್ಬರಿಗೂ ಹೊಸದು.

ರಕ್ತ ಬಂತೆಂದು ಉಜ್ಜುವುದನ್ನು ನಿಲ್ಲಿಸುವುದು ಅತಿ ಸಾಮಾನ್ಯ ತಪ್ಪು. ವಸಡು ಊದಿಕೊಂಡಿರುವುದರಿಂದ ರಕ್ತ ಬರುತ್ತದೆ, ಊದಿಕೊಂಡಿರುವುದು ಕೊಳೆಯಿಂದ. ಮೆತ್ತಗೆ ಉಜ್ಜುತ್ತ ಹೋದರೆ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ. ಆಗದಿದ್ದರೆ ದಂತ ವೈದ್ಯರಿಗೆ ತೋರಿಸಬೇಕು. ಕ್ಲೋರ್‌ಹೆಕ್ಸಿಡಿನ್ ಎಂಬ ಬಾಯಿ ಮುಕ್ಕಳಿಸುವ ಔಷಧ ಬರೆದುಕೊಟ್ಟಿದ್ದರೆ ಪೇಸ್ಟ್‌ನಿಂದ ಉಜ್ಜಿ ಅರ್ಧ ಗಂಟೆ ಬಿಟ್ಟು ಬಳಸಿ, ಇಲ್ಲವಾದರೆ ಅದರ ಗುಣ ಹೋಗುತ್ತದೆ. ಮುಕ್ಕಳಿಸಲು ಬಾರದವರಿಗೆ ಬಾಟಲಿಯಿಂದ ಬಾಯಿಗೆ ಸುರಿಯಬೇಡಿ, ಗಾಜ್‌ಗೆ ಅದ್ದಿ ವಸಡಿಗೆ ಸವರಿ. ವೈದ್ಯರು ಹೇಳಿದ್ದಕ್ಕಿಂತ ಹೆಚ್ಚು ದಿನ ಬಳಸಿದರೆ ಹಲ್ಲು ಕಂದಾಗುತ್ತದೆ.

ರಾತ್ರಿ ಉಜ್ಜುವುದೇ ಮುಖ್ಯ, ಆದರೆ ರಾತ್ರಿಯೇ ಸಿಬ್ಬಂದಿ ಕಡಿಮೆ. ಮಲಗುವ ಹೊತ್ತಿಗೆ ಎಂದು ಕಾಯದೆ, ಏಳು ಗಂಟೆಯ ಊಟವಾದ ಕೂಡಲೇ, ಹಗಲು ಪಾಳಿಯವರು ಮನೆಗೆ ಹೋಗುವ ಮುಂಚೆಯೇ ಉಜ್ಜಿಸಿಬಿಡಿ. ಆಮೇಲೆ ನೀರು ಬಿಟ್ಟು ಬೇರೇನೂ ಇಲ್ಲ. ಇನ್ನೊಂದು ಮಾತು: ಎಲ್ಲರ ಬ್ರಷ್‌ಗಳನ್ನು ಒಂದೇ ಮಗ್ಗಿನಲ್ಲಿ ತಲೆಗೆ ತಲೆ ತಾಗಿಸಿ ಇಡುವುದು ರಕ್ತ ಬರುವ ವಸಡುಗಳಿರುವ ಮನೆಯಲ್ಲಿ ಅಪಾಯ. ಹೆಸರು ಬರೆದು ಬೇರೆ ಬೇರೆ ಸಿಕ್ಕಿಸಿ. ಹೆಪಟೈಟಿಸ್ ಬಿ ಲಸಿಕೆ ನಿವಾಸಿಗಳಿಗೂ ಸಿಬ್ಬಂದಿಗೂ ಹಾಕಿಸಿ. ಮೂರು ಡೋಸ್, ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಬಾಯಿಯ ಕೊಳೆ ಹಲ್ಲಿಗಷ್ಟೇ ಸಂಬಂಧಿಸಿದ್ದೂ ಅಲ್ಲ. ನುಂಗಲು ಕಷ್ಟವಿರುವವರಲ್ಲಿ ಆ ಕೊಳೆಯ ಜೊತೆಗಿನ ರೋಗಾಣುಗಳು ಎದೆಗಿಳಿದು ನ್ಯುಮೋನಿಯಾ ಆಗುತ್ತದೆ. ಊಟ ಮಾಡಿಸುವಾಗ ನೆಟ್ಟಗೆ ಕೂಡಿಸಿ, ಊಟವಾದ ಮೇಲೂ ಅರ್ಧ ಗಂಟೆ ಮಲಗಿಸಬೇಡಿ.

ಈಗ ಕಾಗದ. ಪ್ರತಿ ನಿವಾಸಿಗೂ ಒಂದೇ ಒಂದು ಹಾಳೆ, ಎರಡೂ ಬದಿ, ಪ್ಲಾಸ್ಟಿಕ್ ಚೀಲದಲ್ಲಿ. ಹೆಸರು, ವಯಸ್ಸು, ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಮತ್ತು ಆಧಾರ್ ಸಂಖ್ಯೆ, ರಕ್ತದ ಗುಂಪು, ಯಾವ ಔಷಧ ಒಗ್ಗುವುದಿಲ್ಲ. ಈಗ ನಡೆಯುತ್ತಿರುವ ಗುಳಿಗೆಗಳ ಹೆಸರು, ಮಿಲಿಗ್ರಾಂ, ಹೊತ್ತು. "ಫಿಟ್ಸ್ ಗುಳಿಗಿ, ಬಿಳೇದು" ಎಂದರೆ ಆಸ್ಪತ್ರೆಯಲ್ಲಿ ಯಾರಿಗೂ ಉಪಯೋಗವಿಲ್ಲ. ಕೊನೆಯ ಫಿಟ್ಸ್ ಯಾವಾಗ ಬಂತು, ಎಷ್ಟು ಹೊತ್ತು ಇತ್ತು. ಹೃದಯದಲ್ಲಿ ಹುಟ್ಟಿನಿಂದ ರಂಧ್ರ ಇದೆಯೇ, ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಎಲ್ಲಿದೆ. ಕೆಲವು ಹೃದ್ರೋಗಗಳಲ್ಲಿ ಹಲ್ಲು ಕೀಳುವ ಮುಂಚೆ ಆಂಟಿಬಯೋಟಿಕ್ ಕೊಡಬೇಕಾಗುತ್ತದೆ, ಅದನ್ನು ವೈದ್ಯರು ತೀರ್ಮಾನಿಸಲು ಈ ಮಾಹಿತಿ ಬೇಕು. ಡೌನ್ ಸಿಂಡ್ರೋಮ್ ಇರುವವರ ಹಾಳೆಯಲ್ಲಿ "ಕುತ್ತಿಗೆ ಜೋಪಾನ" ಎಂದು ದೊಡ್ಡದಾಗಿ ಬರೆಯಿರಿ. ಕೆಲವರಲ್ಲಿ ಕುತ್ತಿಗೆಯ ಮೇಲಿನ ಎರಡು ಎಲುಬುಗಳ ಕೀಲು ಸಡಿಲವಿರುತ್ತದೆ, ಕುರ್ಚಿಯಲ್ಲಿ ತಲೆ ಹಿಂದಕ್ಕೆ ಬಗ್ಗಿಸಿದರೆ ಬೆನ್ನುಹುರಿಗೆ ಪೆಟ್ಟಾಗಬಹುದು. ಹಿಂಬದಿಯಲ್ಲಿ ಆ ವ್ಯಕ್ತಿಯ ಬಗ್ಗೆ ಬರೆಯಿರಿ: ಹೌದು, ಬೇಡ ಎನ್ನುವುದನ್ನು ಹೇಗೆ ತೋರಿಸುತ್ತಾರೆ, ನೋವಾದರೆ ಏನು ಮಾಡುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ಯಾವ ಭಾಷೆ ತಿಳಿಯುತ್ತದೆ. ಬೆಳಗಾವಿಯಲ್ಲಿ ಮರಾಠಿ ಮಾತ್ರ ತಿಳಿಯುವವರಿಗೆ ಕನ್ನಡದಲ್ಲಿ "ಬಾಯಿ ತೆಗಿ" ಎಂದು ಕೂಗಿ, ಮಾತು ಕೇಳುವುದಿಲ್ಲ ಎಂದು ಬರೆದುಕೊಳ್ಳುವುದು ಅನ್ಯಾಯ.

ದಂತ ಕಾಲೇಜಿಗೆ ಹೋದಾಗ ಆಗುವ ತೊಂದರೆ ಬೇರೆಯದೇ. ವಿಶೇಷ ಅಗತ್ಯವುಳ್ಳವರನ್ನು ನಿಭಾಯಿಸುವ ತರಬೇತಿ ಇರುವುದು ಹೆಚ್ಚಾಗಿ ಮಕ್ಕಳ ದಂತ ವಿಭಾಗದಲ್ಲಿ. 35 ವರ್ಷದವರನ್ನು ಕರೆದೊಯ್ದರೆ ಚೀಟಿ ಮಾಡುವ ಕೌಂಟರ್‌ನಲ್ಲೇ ಬೇರೆ ವಿಭಾಗಕ್ಕೆ ಕಳಿಸುತ್ತಾರೆ, ಅಲ್ಲಿ ಸಹಕರಿಸುವುದಿಲ್ಲವೆಂದು ವಾಪಸ್ ಕಳಿಸುತ್ತಾರೆ. ಆದ್ದರಿಂದ ರೋಗಿಯನ್ನು ಕರೆದೊಯ್ಯುವ ಮುಂಚೆ ಸಿಬ್ಬಂದಿಯೊಬ್ಬರು ಹಾಳೆ ಮಾತ್ರ ಹಿಡಿದು ಹೋಗಿ, ವಿಭಾಗದ ಮುಖ್ಯಸ್ಥರನ್ನು ಕಂಡು, ಯಾವ ವಿಭಾಗ, ಯಾವ ದಿನ, ಬೆಳಗಿನ ಮೊದಲ ನಂಬರ್ ಎಂದು ಗೊತ್ತು ಮಾಡಿಕೊಂಡು ಬರಬೇಕು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 25ನೇ ಕಲಮಿನಲ್ಲಿ ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕು ಎಂದಿದೆ, ಸರ್ಕಾರಿ, ಖಾಸಗಿ ಆಸ್ಪತ್ರೆಗಳೆರಡರಲ್ಲೂ ಎಲ್ಲ ಭಾಗಕ್ಕೂ ಅಡೆತಡೆಯಿಲ್ಲದ ಪ್ರವೇಶ ಇರಬೇಕು ಎಂದಿದೆ. ಜಗಳಕ್ಕಾಗಿ ಬೇಡ, ವಿನಂತಿ ಪತ್ರದಲ್ಲಿ ಆ ಕಲಮು ನಮೂದಿಸಿದರೆ ಸಾಕು, ಕೆಲಸ ಸಲೀಸಾಗುತ್ತದೆ. ಮೊದಲ ಭೇಟಿಯಲ್ಲಿ ಕುರ್ಚಿಯಲ್ಲಿ ಕೂತು ಬರುವುದಷ್ಟೇ. ಎರಡನೆಯದರಲ್ಲಿ ಕನ್ನಡಿ ಹಾಕಿ ಹಲ್ಲು ಎಣಿಸುವುದು. ಮೂರನೆಯದರಲ್ಲಿ ಕ್ಲೀನಿಂಗ್. ಅವಸರ ಮಾಡಿ ಮೊದಲ ದಿನವೇ ಕೈಕಾಲು ಹಿಡಿದು ಕೆಲಸ ಮುಗಿಸಿದರೆ ಆ ಮನುಷ್ಯ ಮತ್ತೆ ಆ ಕಟ್ಟಡದ ಮೆಟ್ಟಿಲು ಹತ್ತುವುದಿಲ್ಲ.

ಡ್ರಿಲ್ ಶಬ್ದಕ್ಕೆ ಹೆದರುವವರಿಗೆ ಬೇರೆ ದಾರಿಗಳಿವೆ, ಕೇಳಬೇಕು ಅಷ್ಟೇ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರಾವಣವನ್ನು ಹಲ್ಲು ಒಣಗಿಸಿ ಹಚ್ಚಿದರೆ ಹುಳುಕು ಅಲ್ಲಿಗೇ ನಿಲ್ಲುವ ಸಾಧ್ಯತೆ ಹೆಚ್ಚು. ಹುಳುಕಿನ ಭಾಗ ಕಪ್ಪಾಗುತ್ತದೆ, ಅದನ್ನು ಮೊದಲೇ ಆ ವ್ಯಕ್ತಿಗೂ ಮನೆಯವರಿಗೂ ಹೇಳಬೇಕು. ಮೆತ್ತಗಾದ ಹುಳುಕನ್ನು ಕೈ ಉಪಕರಣದಿಂದಲೇ ಕೆರೆದು ಗ್ಲಾಸ್ ಅಯನೋಮರ್ ಎಂಬ ಹಲ್ಲಿನ ಸಿಮೆಂಟ್ ತುಂಬುವ ವಿಧಾನವೂ ಇದೆ, ಅದನ್ನು ಕೇಂದ್ರದಲ್ಲೇ ಮಾಡಬಹುದು. ಸಾರ್ವಜನಿಕ ದಂತ ಆರೋಗ್ಯ ವಿಭಾಗದವರು ಶಿಬಿರಕ್ಕೆ ಬರುತ್ತಾರೆ. ಆದರೆ ತಪಾಸಣೆ ಮಾಡಿ, ಫೋಟೋ ತೆಗೆಸಿಕೊಂಡು, ಪೇಸ್ಟ್ ಹಂಚಿ ಹೋಗುವ ಶಿಬಿರದಿಂದ ಏನೂ ಆಗುವುದಿಲ್ಲ. ಕರೆಯುವ ಪತ್ರದಲ್ಲೇ ಕೇಳಿ: ಯಾರಿಗೆ ಏನು ಬೇಕೆಂಬ ಪಟ್ಟಿ, ಆರು ತಿಂಗಳ ನಂತರದ ತಾರೀಖು.

ಕೆಲವರಿಗೆ ಪೂರ್ತಿ ಅರಿವಳಿಕೆ ಕೊಟ್ಟೇ ಮಾಡಬೇಕಾಗುತ್ತದೆ. ಕೆಎಲ್‌ಇ, ಬಿವಿವಿ ಸಂಘ, ಅಲ್ ಅಮೀನ್ ಮೂರೂ ಕಡೆ ದಂತ ಕಾಲೇಜಿನ ಸಂಸ್ಥೆಗೇ ಸೇರಿದ ವೈದ್ಯಕೀಯ ಕಾಲೇಜು ಇರುವುದು ಇಲ್ಲಿ ಅನುಕೂಲ. ಒಮ್ಮೆ ಅರಿವಳಿಕೆ ಕೊಟ್ಟರೆ ಅದೇ ಹೊತ್ತಿನಲ್ಲಿ ಆಗಬೇಕಾದ್ದೆಲ್ಲ ಆಗಲಿ: ಕ್ಲೀನಿಂಗ್, ಫಿಲ್ಲಿಂಗ್, ಕೀಳುವುದು, ಎಕ್ಸ್‌ರೇ, ಕಿವಿಯ ಗುಗ್ಗೆ, ಕಣ್ಣಿನ ಪರೀಕ್ಷೆ, ಬೇರೆ ಹೊತ್ತಿನಲ್ಲಿ ಕೊಡದ ರಕ್ತದ ಮಾದರಿ, ಕತ್ತರಿಸಲು ಬಿಡದ ಕಾಲುಗುರು. ಇದಕ್ಕೆ ಎರಡು ಮೂರು ವಿಭಾಗದವರನ್ನು ಮೊದಲೇ ಒಪ್ಪಿಸಬೇಕು, ತಾರೀಖು ಸಿಗಲು ತಡವಾದರೂ ಪರವಾಗಿಲ್ಲ. ಶಸ್ತ್ರಚಿಕಿತ್ಸೆ ಎಷ್ಟೋ ಸಲ ರದ್ದಾಗುವುದು ಒಂದು ಸಣ್ಣ ಕಾರಣಕ್ಕೆ: ಬೆಳಿಗ್ಗೆ ಆರಕ್ಕೆ ಪಾಳಿ ಬದಲಾಗಿ, ಹೊಸದಾಗಿ ಬಂದ ಆಯಾ ಎಂದಿನಂತೆ ಚಾ ಬಿಸ್ಕತ್ತು ಕೊಟ್ಟಿರುತ್ತಾರೆ. ಅರಿವಳಿಕೆಗೆ ಮುಂಚೆ ಹೊಟ್ಟೆ ಖಾಲಿ ಇರಬೇಕು. ಸಾಮಾನ್ಯವಾಗಿ ಹೇಳುವ ಲೆಕ್ಕ, ಹಗುರ ಊಟ ಅಥವಾ ಹಾಲು ಆರು ಗಂಟೆ ಮುಂಚೆ, ಎಣ್ಣೆ, ಜಿಡ್ಡಿನ ಊಟ ಎಂಟು ಗಂಟೆ ಮುಂಚೆ, ಬರೀ ನೀರು ಎರಡು ಗಂಟೆ ಮುಂಚೆ ನಿಲ್ಲಬೇಕು. ಅಂಗಿಯ ಮೇಲೆ ಚೀಟಿ ಅಂಟಿಸಿ, ಅಡುಗೆಮನೆಗೆ ಹೇಳಿ, ಉಳಿದವರು ತಿಂಡಿ ತಿನ್ನುವ ಜಾಗದಿಂದ ಬೇರೆ ಕೋಣೆಯಲ್ಲಿ ಇರಿಸಿ. ಉಪವಾಸವೆಂದು ಫಿಟ್ಸ್ ಗುಳಿಗೆ ತಪ್ಪಿಸುವುದು ಇನ್ನೊಂದು ತಪ್ಪು. ಅರಿವಳಿಕೆ ವೈದ್ಯರನ್ನು ಕೇಳಿ ಒಂದು ಗುಟುಕು ನೀರಿನೊಂದಿಗೆ ಕೊಡಬೇಕು.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಹಲ್ಲು ಕಿತ್ತ ಮೇಲೆ ಮುಂದಿನ ಮೂರು ಗಂಟೆ ಒಬ್ಬರು ಎದುರಿಗೇ ಕೂತಿರಬೇಕು. ತುಟಿ ಜೋಮು ಹಿಡಿದಿರುವುದರಿಂದ ಅದನ್ನೇ ಅಗಿದು ಗಾಯ ಮಾಡಿಕೊಳ್ಳುತ್ತಾರೆ. ಕಚ್ಚಿಕೊಳ್ಳಲು ಕೊಟ್ಟ ಗಾಜ್ ನುಂಗಿಬಿಡುತ್ತಾರೆ. ಜೋಮು ಇಳಿಯುವವರೆಗೆ ಊಟ ಬೇಡ, ಆಮೇಲೆ ತಣ್ಣನೆಯ ಅಂಬಲಿ ಅಥವಾ ಮೊಸರನ್ನ. ನೋವಿನ ಗುಳಿಗೆಯ ಚೀಟಿಯಲ್ಲಿ "ನೋವಿದ್ದರೆ ಮಾತ್ರ" ಎಂದು ಬರೆದಿರುತ್ತಾರೆ. ನೋವು ಹೇಳಲಾರದವರಿಗೆ ಆ ಚೀಟಿ ಎಂದರೆ ಗುಳಿಗೆ ಇಲ್ಲವೆಂದೇ ಅರ್ಥ. ಮೊದಲೆರಡು ದಿನ ಹೊತ್ತಿಗೆ ಸರಿಯಾಗಿ ಕೊಡುವಂತೆ ಬರೆಸಿಕೊಂಡು ಬನ್ನಿ.

ಸಹಿಯ ವಿಷಯಕ್ಕೆ ಬಂದರೆ, 18 ವರ್ಷ ತುಂಬಿದವರಿಗೆ ಕೇಂದ್ರದ ಮೇಲ್ವಿಚಾರಕರು ತಾನಾಗಿಯೇ ಕಾನೂನಿನ ಪಾಲಕರಾಗುವುದಿಲ್ಲ. ತಂದೆ ತಾಯಿ ಕೂಡ ಆಗುವುದಿಲ್ಲ. ಮೊದಲು ಆ ವ್ಯಕ್ತಿಯನ್ನೇ ಕೇಳಬೇಕು. ಚಿತ್ರ ತೋರಿಸಿ, ಅವರಿಗೆ ತಿಳಿಯುವ ಮಾತಿನಲ್ಲಿ ವಿವರಿಸಿದರೆ ಎಷ್ಟೋ ಜನ ಸ್ಪಷ್ಟವಾಗಿ ಉತ್ತರ ಕೊಡುತ್ತಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಧ ವಿಕಲತೆ ಇರುವವರಿಗೆ ನ್ಯಾಷನಲ್ ಟ್ರಸ್ಟ್ ಕಾಯ್ದೆ 1999ರ ಅಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸುತ್ತದೆ. ಉಳಿದವರಿಗೆ 2016ರ ಕಾಯ್ದೆಯ 14ನೇ ಕಲಮಿನಡಿ ಸೀಮಿತ ಪಾಲಕತ್ವ, ಅಂದರೆ ಆ ವ್ಯಕ್ತಿಯ ಜೊತೆ ಕೂಡಿ ತೀರ್ಮಾನಿಸುವ ವ್ಯವಸ್ಥೆ ಇದೆ. ಸಮಿತಿ ಸಭೆ ಸೇರಿ ಆದೇಶ ಬರಲು ಸಮಯ ಹಿಡಿಯುತ್ತದೆ. ಹಲ್ಲು ಕೀವು ಕಟ್ಟಿದ ಮೇಲೆ ಅರ್ಜಿ ಹಾಕಿದರೆ ಪ್ರಯೋಜನವಿಲ್ಲ, ಈಗಲೇ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಶುರು ಮಾಡಿ. ಜೀವಕ್ಕೆ ಅಪಾಯವಿದ್ದಾಗ ಸಹಿಗಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಆದರೆ ಕೇಂದ್ರದ ಅನುಕೂಲಕ್ಕೆ ಮಾಡುವ ಚಿಕಿತ್ಸೆಗೆ ಯಾರ ಸಹಿಯೂ ಸಾಲದು. 1994ರಲ್ಲಿ ಪುಣೆಯಲ್ಲಿ ಸರ್ಕಾರಿ ವಸತಿಗೃಹದ ಬೌದ್ಧಿಕ ವಿಕಲತೆಯ ಹೆಣ್ಣುಮಕ್ಕಳ ಗರ್ಭಕೋಶವನ್ನು ಮುಟ್ಟಿನ ನಿರ್ವಹಣೆ ಕಷ್ಟವೆಂದು ತೆಗೆಸಿದ್ದು ದೇಶದಾದ್ಯಂತ ಪ್ರತಿಭಟನೆಗೆ ಕಾರಣವಾಗಿತ್ತು. 2009ರಲ್ಲಿ ಚಂಡೀಗಢದ ಸರ್ಕಾರಿ ಕೇಂದ್ರದಲ್ಲಿದ್ದ ಮಹಿಳೆಯೊಬ್ಬರ ಪ್ರಕರಣದಲ್ಲಿ, ಅವರ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕಚ್ಚುತ್ತಾರೆಂದು ಗಟ್ಟಿ ಹಲ್ಲು ಕೀಳಿಸುವುದೂ ಇದೇ ಸಾಲಿಗೆ ಸೇರುತ್ತದೆ. ಅದನ್ನು ಯಾರೇ ಕೇಳಿದರೂ ಒಪ್ಪಬಾರದು.

ದುಡ್ಡಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಮೇಲೆ ಹೇಳಿದ ನಾಲ್ಕು ಬಗೆಯ ವಿಕಲತೆಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಹೊರರೋಗಿ ಚಿಕಿತ್ಸೆಯೂ ಸೇರುತ್ತದೆ. ಮೊದಲು ಕೈಯಿಂದ ಕೊಟ್ಟು ಆಮೇಲೆ ಪಡೆಯುವ ಪದ್ಧತಿ, ಆದ್ದರಿಂದ ಮೂಲ ಬಿಲ್, ವೈದ್ಯರ ಚೀಟಿ ಅಂದೇ ಫೈಲಿಗೆ ಹೋಗಬೇಕು. ನವೀಕರಣದ ತಾರೀಖು ಮರೆತು ವಿಮೆ ಸತ್ತುಹೋಗುವುದು ಸಾಮಾನ್ಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯವಿದೆ, ಆದರೆ ಅದು ರೇಷನ್ ಕಾರ್ಡ್ ಮೇಲೆ ನಿಂತಿದೆ. ಮನೆಯ ಕಾರ್ಡಿನಿಂದ ಹೆಸರು ತೆಗೆದುಹೋದ ನಿವಾಸಿ ಇಲ್ಲಿ ಸಿಕ್ಕಿಬೀಳುತ್ತಾರೆ. ದಾಖಲಾಗುವ ದಿನವೇ ಮನೆಯವರಿಗೆ ಹೇಳಿ: ಕಾರ್ಡಿನಿಂದ ಹೆಸರು ತೆಗೆಸಬೇಡಿ, ನಕಲು ಪ್ರತಿ ಕೊಡಿ.

ದಾನಿಗಳ ಬಗ್ಗೆಯೂ ಹೇಳಲೇಬೇಕು. ಹುಟ್ಟುಹಬ್ಬ, ಪುಣ್ಯತಿಥಿ ಎಂದು ವಾರಕ್ಕೆ ಮೂರು ಸಲ ಕುಂದಾ, ಕರದಂಟು, ಪೇಢೆ, ಕ್ರೀಮ್ ಬಿಸ್ಕತ್ತು ಕೇಂದ್ರಕ್ಕೆ ಬರುತ್ತವೆ. ಕರದಂಟಿನ ಬೆಲ್ಲದ ಅಂಟು ದವಡೆ ಹಲ್ಲಿನ ಸಂದಿಯಲ್ಲಿ ಗಂಟೆಗಟ್ಟಲೆ ಕೂರುತ್ತದೆ. ಪ್ರೀತಿಯಿಂದ ತಂದದ್ದನ್ನು ಬೇಡವೆನ್ನುವುದು ಕಷ್ಟ, ಊಟದ ಜೊತೆಗೇ ಬಡಿಸಿ ಮುಗಿಸಿಬಿಡಿ, ಮಧ್ಯಾಹ್ನ ಸಂಜೆ ಬೇರೆ ಬೇರೆ ಕೊಡಬೇಡಿ. ಮತ್ತೆ ಏನು ತರಲಿ ಎಂದು ಫೋನ್ ಮಾಡುವವರಿಗೆ ಹೇಳಲು ಒಂದು ಪಟ್ಟಿ ಫೋನ್ ಪಕ್ಕದಲ್ಲೇ ಇರಲಿ. 30 ಜನರ ಕೇಂದ್ರಕ್ಕೆ ಮೂರು ತಿಂಗಳಿಗೊಮ್ಮೆ ಬದಲಿಸಿದರೆ ವರ್ಷಕ್ಕೆ 120 ಮೆತ್ತನೆ ಬ್ರಷ್ ಬೇಕು, ತಿಂಗಳಿಗೆ 150 ಗ್ರಾಂನ ಮೂರು ಟ್ಯೂಬ್ ಪೇಸ್ಟ್, ಕೈಗವಸು, ಗಾಜ್, ಎರಡು ಟಾರ್ಚ್, ಒಂದು ತೂಕದ ಯಂತ್ರ, ಮತ್ತು ಆಸ್ಪತ್ರೆಗೆ ಹೋಗುವ ದಿನದ ವಾಹನದ ಬಾಡಿಗೆ.